ಎರಡೂ ಇದ್ದವರಿಗೆ ಮಾತ್ರ

ಗಂಡ ಮದುವೆ ಮನೆಗಳಿಗೆ ಹಾಕುತ್ತಿದ್ದ ಜೋಡಿಯಲ್ಲಿ ಎಡಗಾಲಿನ ಶೂ ಸಿಕ್ಕಿತ್ತು. ಬಲಗಾಲಿನದನ್ನು ಹುಡುಕುತ್ತ ಡ್ರೈವರಮ್ಮ ಮಂಚದ ಕೆಳಗೆ ಅರ್ಧ ಮೈ ತೂರಿಸಿದ್ದಾಗ ಗಂಡನ ಫೋನು ಹೊಡೆದುಕೊಳ್ಳತೊಡಗಿತು. ಅದು ಮೇಜಿನ ಮೇಲೆ ಚಾರ್ಜರಿಗೆ ಸಿಕ್ಕಿಸಿದಂತೆಯೇ ಇತ್ತು. ಸತ್ತವನ ಫೋನಿಗೆ ಕರೆಂಟು ಕೊಟ್ಟವರು ಯಾರು ಎಂದು ಅವಳಿಗೆ ಹೊಳೆಯಲಿಲ್ಲ. ತಾನೇ ಇರಬೇಕು. ಎರಡು ದಿನದಿಂದ ಕೈ ತನ್ನ ಪಾಡಿಗೆ ಏನೇನೋ ಮಾಡುತ್ತಿತ್ತು.

ಮಂಡಿಯೂರಿ ಕೂತೇ ಫೋನೆತ್ತಿದಳು.

"ನಮಸ್ಕಾರ, ಹಾರ್ಟ್ ಕ್ಲಿನಿಕ್ಕಿಂದ ಮಾತಾಡ್ತಿರೋದು. ಸಾರ್ ಇದಾರಾ? ಸೋಮವಾರದ ಆಪರೇಷನ್ನಿಗೆ ಬರ್ತಾರೋ, ಮತ್ತೆ ಮುಂದಕ್ಕೆ ಹಾಕ್ತಾರೋ ಕೇಳೋಣ ಅಂತ. ಈ ಸಲಾನೂ ಮುಂದಕ್ಕೆ ಹಾಕಿದ್ರೆ ಡಾಕ್ಟ್ರು ನನ್ನನ್ನೇ ಬೈತಾರೆ."

"ಯಾವ ಆಪರೇಷನ್ನು?"

ಆ ಕಡೆಯ ದನಿ ತಡವರಿಸಿತು. "ತಾವು ಯಾರು?"

"ಹೆಂಡತಿ."

ಕಂಪ್ಯೂಟರಿನ ಕೀಲಿ ಒತ್ತುವ ಸದ್ದು ಕೇಳಿಸಿತು. "ಕ್ಷಮಿಸಿ ಮೇಡಂ. ವಿಷಯ ಯಾರಿಗೆ ಹೇಳಬಹುದು ಅನ್ನೋ ಕಡೆ ಅವರ ತಂಗಿ ಹೆಸರು ಮಾತ್ರ ಕೊಟ್ಟಿದಾರೆ. ನಿಮ್ಮ ಹೆಸರಿಲ್ಲ."

"ನಾನು ಹೆಂಡತಿ ಕಣಮ್ಮಾ."

"ಗೊತ್ತಾಯ್ತು ಮೇಡಂ. ಆದ್ರೂ ನಿಮ್ಮ ಹೆಸರಿಲ್ಲ. ಹೇಳೋಕೆ ನನಗೆ ಪರ್ಮಿಷನ್ ಇಲ್ಲ."

"ಅವರು ಸೋಮವಾರ ಬರಲ್ಲ," ಎಂದಳು ಡ್ರೈವರಮ್ಮ. "ಇವತ್ತು ಮಧ್ಯಾಹ್ನ ಅವರನ್ನ ಸುಡ್ತಾರೆ." ಆ ಹುಡುಗಿ ಏನಾದರೂ ಹೇಳುವ ಮೊದಲೇ ಫೋನಿಟ್ಟಳು.

ಬಲಗಾಲಿನ ಶೂ ಬಾಗಿಲ ಹಿಂದೆ ಇತ್ತು. ಅಲ್ಲಲ್ಲದೆ ಇನ್ನೆಲ್ಲಿ? ಮನೆಗೆ ಬಂದವನು ಒಂದನ್ನು ಇಲ್ಲಿ, ಒಂದನ್ನು ಅಲ್ಲಿ ಬಿಸಾಡುವವನು; ಮದುವೆಯಾದಾಗಿನಿಂದ ಅದಕ್ಕೆ ಬೈಸಿಕೊಂಡವನು. ಎರಡನ್ನೂ ಎದೆಗೆ ಅವುಚಿಕೊಂಡು ಅವಳು ನೆಲದ ಮೇಲೆಯೇ ಕೂತಳು. ಎರಡು ದಿನದಿಂದ ಬಂದವರೆಲ್ಲ ಒಂದೇ ಮಾತು ಆಡಿದ್ದರು: "ಹೇಳದೆ ಕೇಳದೆ ಹೋಗಿಬಿಟ್ರಲ್ಲ." ಅದನ್ನು ನಂಬಿ ಅವಳು ಇಷ್ಟು ಹೊತ್ತು ಹೇಗೋ ನಿಂತುಕೊಂಡಿದ್ದಳು. ಈಗ ನೋಡಿದರೆ ಹೇಳಿಯೇ ಹೋಗಿದ್ದ, ಅವಳೊಬ್ಬಳನ್ನು ಬಿಟ್ಟು.

"ಅಮ್ಮಾ, ಗಾಡಿ ಬಂತು," ಎಂದು ಮಗಳು ಹೊರಗಿನಿಂದ ಕೂಗಿದಳು. "ಯಾರ ಫೋನು?"

"ರಾಂಗ್ ನಂಬರ್," ಎಂದಳು ತಾಯಿ.

*

ಅವನು ಕೆಲಸಕ್ಕಿದ್ದದ್ದು ಲಿಫ್ಟುಗಳನ್ನು ನಡೆಸುವ ಸಾಫ್ಟ್‌ವೇರ್ ಬರೆಯುವ ಕಂಪನಿಯಲ್ಲಿ. ಬರೆಯುವವನು ಅವನಲ್ಲ. ಬರೆದದ್ದರಲ್ಲಿ ಸಿಕ್ಕ ತಪ್ಪುಗಳನ್ನೆಲ್ಲ ಅಲ್ಲಿ ಬಗ್ ಟ್ರ್ಯಾಕರ್ ಎಂಬುದರಲ್ಲಿ ದಾಖಲು ಮಾಡುತ್ತಾರೆ. ಯಾವ ತಪ್ಪು ಯಾರ ಕಣ್ಣಿಗೆ ಬೀಳಬೇಕು, ಯಾರ ಕಣ್ಣಿಗೆ ಬೀಳಬಾರದು ಎಂದು ಗುಂಪು ಕಟ್ಟಿ, ಒಂದೊಂದು ಗುಂಪಿಗೆ ಒಂದೊಂದು ಬಾಗಿಲು ತೆಗೆದು, ಉಳಿದದ್ದಕ್ಕೆ ಬೀಗ ಹಾಕುವುದು ಅವನ ಕೆಲಸ. "ಬೀಗ ಹಾಕೋರು ಬೀಗರಲ್ಲದೆ ಇನ್ನೇನು" ಎಂದು ಪಕ್ಕದ ಮೇಜಿನಲ್ಲಿ ಆ ತಪ್ಪುಗಳನ್ನು ಹುಡುಕುವ ಟೆಸ್ಟರ್ ಒಂದು ಸಲ ತಮಾಷೆ ಮಾಡಿದಳು. ಅಲ್ಲಿಂದ ಅವನು ಇಡೀ ಆಫೀಸಿಗೆ ಬೀಗರಾದ. ಮೀಟಿಂಗಿಗೆ ಬಂದರೆ ಹೆಣ್ಣು ಕೊಟ್ಟವರು ಬಂದಂತೆ ಎದ್ದು ನಿಂತು ಕುರ್ಚಿ ಎಳೆದುಕೊಡುವರು. ಅವನೂ ಬಿಗುಮಾನ ಮಾಡಿಕೊಂಡು ಕೂತು, "ಊಟೋಪಚಾರ ಏನೂ ಇಲ್ವಾ?" ಎನ್ನುವನು.

ಒಂದು ಸಂಜೆ ತಟ್ಟೆಯ ಮುಂದೆ ಕೂತು ಕೈ ಅದ್ದದೆ ಸುಮ್ಮನೆ ನೋಡುತ್ತಿದ್ದ.

"ಏನಾಯ್ತು?" ಎಂದಳು ಡ್ರೈವರಮ್ಮ. ಅವಳು ಆಗಷ್ಟೇ ಡಿಪೋಗೆ ಬಸ್ಸು ಬಿಟ್ಟು ಬಂದಿದ್ದಳು. ತೋಳಿನಲ್ಲಿ ಇನ್ನೂ ಸ್ಟಿಯರಿಂಗಿನ ನಡುಕ ಇತ್ತು.

"ಒಂದು ಬಗ್ಗು. ನಿಧಾನಕ್ಕೆ ಕೈ ಚಾಚಿದ್ರೆ ಲಿಫ್ಟಿನ ಬಾಗಿಲು ನಿಲ್ಲದೆ ಮುಚ್ಕೊಳ್ಳುತ್ತೆ ಅಂತ ರಿಪೇರಿಯವನೊಬ್ಬ ಬರೆದಿದ್ದ. ನಾನು ಹಳೇ ಗ್ರೂಪುಗಳನ್ನೆಲ್ಲ ಬದಲಾಯಿಸೋ ಅವಸರದಲ್ಲಿ ಅದಕ್ಕೆ ರಿಪೇರಿಯವರ ಗ್ರೂಪನ್ನೂ ಹಾಕಿದೆ, ಇಂಜಿನಿಯರುಗಳ ಗ್ರೂಪನ್ನೂ ಹಾಕಿದೆ."

"ಒಳ್ಳೇದೇ ಆಯ್ತಲ್ಲ. ಇಬ್ರಿಗೂ ಕಾಣುತ್ತೆ."

"ಹಾಗಂತ ಎಲ್ರೂ ಅಂದ್ಕೋತಾರೆ. ಹಾಗಲ್ಲ ಅದು. ಎರಡು ಗ್ರೂಪು ಹಾಕಿದ್ರೆ ಎರಡರಲ್ಲೂ ಇರೋರಿಗೆ ಮಾತ್ರ ಕಾಣುತ್ತೆ. ಹೊಸಬರಿಗೆ ಪಾಠ ಹೇಳೋನೇ ನಾನು."

ಅವಳು ಸ್ವಲ್ಪ ಯೋಚಿಸಿದಳು. "ಅಂದ್ರೆ ಪಾಸ್ ಇರೋರೂ ಹತ್ತಬಹುದು, ಟಿಕೆಟ್ ಇರೋರೂ ಹತ್ತಬಹುದು ಅಂತಲ್ಲ. ಪಾಸೂ ಇರಬೇಕು, ಟಿಕೆಟ್ಟೂ ಇರಬೇಕು."

"ಹೂಂ."

"ಹಾಗಾದ್ರೆ ಬಸ್ಸು ಖಾಲೀನೇ ಹೋಗುತ್ತೆ."

"ಖಾಲೀನೇ ಹೋಯ್ತು," ಎಂದ. "ರಿಪೇರಿಯವನಿಗೆ ಮಾತ್ರ ಕಾಣ್ತಿತ್ತು. ಬರೆದೋನಿಗೆ ತಾನು ಬರೆದದ್ದು ಯಾವಾಗ್ಲೂ ಕಾಣುತ್ತೆ. ಅದಕ್ಕೇ ಅವನು ಎಲ್ರೂ ಓದ್ತಿದಾರೆ, ಉದಾಸೀನ ಮಾಡ್ತಿದಾರೆ ಅಂದ್ಕೊಂಡ. ಬರೆದೂ ಬರೆದೂ ಸಾಕಾಗಿ ಸುಮ್ಮನಾದ. ನೆನ್ನೆ ಒಬ್ಬ ಅಜ್ಜಿ ಮುಂಗೈ ಬಾಗಿಲಿಗೆ ಸಿಕ್ಕಿ ಮುರೀತು."

ಅವಳು ಅವನ ತಟ್ಟೆಗೆ ಇನ್ನಷ್ಟು ಬಡಿಸಿದಳು. ಅವನು ಉಣ್ಣಲಿಲ್ಲ. ಮಾರನೆಯ ದಿನ ಆಸ್ಪತ್ರೆಗೆ ಹೋಗಿ ಆ ಅಜ್ಜಿಯನ್ನು ನೋಡಿ ಬಂದ. ಅವಳು ಯಾರೋ ಏನೋ ಎಂದುಕೊಂಡು ಇವನಿಗೇ ಕೂರಲು ಹೇಳಿ, ನೀರು ಕುಡಿಸಿದಳಂತೆ. ಅಂದಿನಿಂದ ಟ್ರ್ಯಾಕರಿನಲ್ಲಿದ್ದ ಸಾವಿರಾರು ಬಗ್ಗುಗಳನ್ನು ಒಂದೊಂದಾಗಿ ತೆಗೆದು, ಯಾರಿಗೆ ಕಾಣುತ್ತೆ, ಯಾರಿಗೆ ಇಲ್ಲ ಎಂದು ನೋಡಲು ಕೂತ. ಅರ್ಧ ಆ ಟೆಸ್ಟರಿಗೆ ಕೊಡಿ ಎಂದರೆ ಕೇಳಲಿಲ್ಲ. "ನಾನು ಮಾಡಿದ್ದು, ನಾನೇ ಬಿಡಿಸಬೇಕು. ಮುಗೀಲಿ, ಆಮೇಲೆ ಉಳಿದದ್ದೆಲ್ಲ" ಎಂದ.

ಉಳಿದದ್ದೆಲ್ಲ ಎಂದರೆ ಏನೆಂದು ಅವಳು ಕೇಳಲಿಲ್ಲ. ಊರು ಸುತ್ತುವುದೋ, ಮನೆಗೆ ಬಣ್ಣ ಹೊಡೆಸುವುದೋ ಇರಬೇಕು ಎಂದುಕೊಂಡಳು.

*

ವಿದ್ಯುತ್ ಚಿತಾಗಾರದ ಹಾಲಿನಲ್ಲಿ ಪ್ಲಾಸ್ಟಿಕ್ ಕುರ್ಚಿಗಳು ಒಂದಕ್ಕೊಂದು ಅಂಟಿಕೊಂಡಿದ್ದವು; ಕೂತವರು ಎದ್ದರೆ ಪಕ್ಕದ ಕುರ್ಚಿಯೂ ಜೊತೆಗೆ ಏಳುತ್ತಿತ್ತು. ಡಿಪೋದವರು ಯೂನಿಫಾರ್ಮಿನಲ್ಲೇ ಬಂದು ಹಿಂದಿನ ಸಾಲಿನಲ್ಲಿ ಕೂತಿದ್ದರು. ಆಫೀಸಿನವರು ಗೋಡೆಗೆ ಒರಗಿ ನಿಂತು ಫೋನು ನೋಡುವುದೋ ಬೇಡವೋ ಎಂದು ಒದ್ದಾಡುತ್ತಿದ್ದರು. ಅವರ ಮ್ಯಾನೇಜರು ಟೆಸ್ಟರ್‌ನ ಹತ್ತಿರ ಸರಿದು ಗಂಟಲು ಸರಿಮಾಡಿಕೊಂಡ.

"ಇದು ಕೇಳೋ ಹೊತ್ತಲ್ಲ," ಎಂದ. ಕೇಳುವ ಹೊತ್ತಲ್ಲ ಎಂದು ಗೊತ್ತಿದ್ದೂ ಕೇಳುವವರು ಪ್ರತಿಯೊಂದು ಸಾವಿನಲ್ಲೂ ಒಬ್ಬರಿರುತ್ತಾರೆ. "ಬೀಗರ ಅಕೌಂಟನ್ನ ಇವತ್ತೇ ಮುಚ್ಚಬೇಕಂತೆ. ನಿಯಮ. ಆದ್ರೆ ಗುಟ್ಟಾಗಿಡಬೇಕಾದ ಎಷ್ಟೋ ಬಗ್ಗು ಅವರೊಬ್ಬರಿಗೇ ಕಾಣ್ತಿದ್ವಲ್ಲ. ಅವರನ್ನ ತೆಗೆದ್ರೆ ಅವು ಯಾರಿಗೆ ಕಾಣುತ್ವೆ?"

"ಯಾರಿಗೂ ಇಲ್ಲ ಸಾರ್," ಎಂದಳು ಟೆಸ್ಟರ್. ನಲವತ್ತು ದಾಟಿದ ಹೆಂಗಸು. ಅತ್ತು ಅತ್ತು ಅವಳ ಮೂಗು ಕೆಂಪಾಗಿತ್ತು. "ಇವತ್ತೊಂದಿನ ಇರ್ಲಿ ಬಿಡಿ. ಓಡಿಹೋಗಲ್ಲ ಅವರು."

ಅಷ್ಟರಲ್ಲಿ ನಾದಿನಿ ಬಂದಳು. ಗಂಡನ ಒಬ್ಬಳೇ ತಂಗಿ. ದೂರದೂರಿನಿಂದ ಪ್ರಯಾಣ ಮಾಡಿ ಬಂದವಳು, ಬಾಗಿಲಿನಿಂದಲೇ "ಅತ್ತಿಗೇ" ಎಂದು ಕೈ ಚಾಚಿಕೊಂಡು ಓಡಿದಳು. ಡ್ರೈವರಮ್ಮ ಅವಳನ್ನು ತಬ್ಬಿಕೊಳ್ಳಲಿಲ್ಲ. ಮೊಣಕೈ ಹಿಡಿದು, ನೀರಿನ ಡ್ರಮ್ಮು ಇಟ್ಟಿದ್ದ ಪಕ್ಕದ ಕೋಣೆಗೆ ಎಳೆದುಕೊಂಡು ಹೋದಳು. ಗಾಬರಿಯಾಗಿ ಮಗಳೂ ಹಿಂದೆ ಹೋದಳು.

"ಸೋಮವಾರ ಏನಿತ್ತು?" ಎಂದಳು ಡ್ರೈವರಮ್ಮ.

ನಾದಿನಿ ಕಣ್ಣೊರೆಸಿಕೊಂಡು ತಲೆಯೆತ್ತಿದಳು. "ಹಾರ್ಟಿನ ಆಪರೇಷನ್ನು ಅತ್ತಿಗೆ. ನಿಮಗೆ ಗೊತ್ತಿತ್ತಲ್ಲ?"

"ನನಗೆ ಗೊತ್ತಿತ್ತು ಅಂತ ಯಾರು ಹೇಳಿದ್ರು?"

"ಅಣ್ಣನೇ. ಮನೇಲಿ ಗೊತ್ತಿದೆ, ಆದ್ರೆ ಅವಳ ಮುಂದೆ ಮಾತ್ರ ಆ ವಿಷಯ ಎತ್ತಬೇಡ, ಗಾಡಿ ಓಡಿಸೋಳು, ತಲೆ ಕೆಡಿಸ್ಕೋತಾಳೆ ಅಂದ. ಗಾಡಿ ಓಡಿಸುವಾಗ ನೀವು ಫೋನ್ ಎತ್ತಲ್ಲ ಅಂತ ಕ್ಲಿನಿಕ್ಕಲ್ಲಿ ನನ್ನ ಹೆಸರು ಕೊಟ್ಟ. ಬೇಗ ಮಾಡಿಸ್ಕೋ ಅಂತ ನಾನೂ ಬಡ್ಕೊಂಡೆ. ಡಾಕ್ಟ್ರೇ ಪುರುಸೊತ್ತಿಲ್ಲ ಅಂತ ದಿನ ಬದಲಾಯಿಸ್ತಿದಾರೆ ಅಂತ ಹೇಳ್ತಿದ್ದ."

"ಡಾಕ್ಟ್ರಲ್ಲ."

ಎಲ್ಲರೂ ತಿರುಗಿ ನೋಡಿದರು. ಟೆಸ್ಟರ್ ಒಂದು ಲೋಟ ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದಳು, ನೀರಿಗೆಂದು ಬಂದವಳು.

"ಡಾಕ್ಟ್ರಲ್ಲ, ಅವರೇ," ಎಂದಳು. "ರಜಾ ಬರೆಯೋರು, ಹಿಂದಿನ ದಿನ ವಾಪಸ್ ತಗೊಳ್ಳೋರು. ಪ್ರತಿ ಸಲಾನೂ ಹಾಗೇ. ಯಾಕೆ ಬೀಗರೇ ಅಂದ್ರೆ, ಸಣ್ಣದೊಂದು ಹರ್ನಿಯಾ, ಇನ್ನೊಂದು ನೂರು ಬಗ್ಗು ನೋಡಿಬಿಟ್ಟು ಹೋಗ್ತೀನಿ ಅನ್ನೋರು. ಅಕ್ಕನಿಗೂ ಹೇಳಿದೀನಿ, ಒಪ್ಪಿದಾಳೆ ಅಂದ್ರು. ಹೃದಯದ್ದು ಅಂತ ಗೊತ್ತಿದ್ರೆ ನಾನೇ ಕುತ್ತಿಗೆ ಹಿಡಿದು ತಳ್ಳಿ ಕಳಿಸ್ತಿದ್ದೆ."

"ಹರ್ನಿಯಾನಾ?" ಎಂದಳು ನಾದಿನಿ. "ಅವನೇ ಮುಂದಕ್ಕೆ ಹಾಕ್ತಿದ್ದ ಅಂತ ಗೊತ್ತಿದ್ರೆ ನಾನು ಬಂದು ಮನೆ ಬಾಗಿಲಲ್ಲಿ ಕೂರ್ತಿದ್ದೆ."

ಮಗಳು ಗೋಡೆಗೆ ಬೆನ್ನು ಹಚ್ಚಿ ನೆಲ ನೋಡುತ್ತಿದ್ದಳು. ತಾಯಿಯ ಕಣ್ಣು ಅವಳ ಮೇಲೆ ಹೋಯಿತು.

"ನಿನಗೆ?"

"ಮಾತ್ರೆ," ಎಂದಳು ಮಗಳು. "ಕೋಟಿನ ಜೇಬಲ್ಲಿ ಸಿಕ್ತು. ಹೃದಯಕ್ಕೆ ಅಂತ ಗೊತ್ತಾಯ್ತು. ಇಷ್ಟರಲ್ಲೇ ವಾಸಿಯಾಗುತ್ತೆ, ಬೇರೇನೂ ಬೇಕಿಲ್ಲ ಅಂದ್ರು ಅಪ್ಪ. ಅಮ್ಮನಿಗೆ ನಾನೇ ಹೇಳ್ತೀನಿ, ನೀನು ಹೇಳಿದ್ರೆ ನನ್ನಾಣೆ ಅಂದ್ರು."

ಪಕ್ಕದ ಹಾಲಿನಲ್ಲಿ ಯಾರೋ ಎದ್ದರು. ಜೊತೆಗೆ ಎದ್ದ ಕುರ್ಚಿ ಸದ್ದು ಮಾಡುತ್ತ ಬಿತ್ತು. ಟೆಸ್ಟರ್ ಲೋಟವನ್ನು ಡ್ರಮ್ಮಿನ ಮೇಲಿಟ್ಟು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಅವಳಿಗೆ ಆ ಲೆಕ್ಕ ಉಳಿದವರಿಗಿಂತ ಮೊದಲು ಅರ್ಥವಾಯಿತು. ದಿನವಿಡೀ ಮಾಡುವ ಕೆಲಸವೇ ಅದಲ್ಲವೇ.

"ನಮ್ಮನ್ನೆಲ್ಲ ಬೇರೆ ಬೇರೆ ಗ್ರೂಪಿಗೆ ಹಾಕಿಬಿಟ್ಟಿದಾರೆ," ಎಂದಳು.

"ನಾನು ಯಾವ ಗ್ರೂಪು?" ಎಂದು ಡ್ರೈವರಮ್ಮ ಕೇಳಿದಳು.

ನಾದಿನಿ ಸೆರಗಿನ ತುದಿ ಹಿಂಡುತ್ತ ಡ್ರಮ್ಮಿನ ಕಡೆ ನೋಡಿದಳು.

"ಹೇಳ್ರೇ. ಜೊತೇಲಿ ಮಲಗೋಳು ನಾನು. ಉಸಿರು ಕೇಳಿಸ್ಕೋತಾ ಮಲಗೋಳು. ನಿಮಗೆಲ್ಲ ಒಂದೊಂದು ತುಂಡು ಕೊಟ್ಟ. ನನಗೇನು ಕೊಟ್ಟ? ನಿಮ್ಮಲ್ಲಿ ಯಾರಾದ್ರೂ ಒಬ್ರು, ಒಂದೇ ಒಂದು ಸಲ, ಹೇಗಿದಾರೆ ಅಂತ ನನ್ನನ್ನ ಕೇಳಿದ್ರೆ ನಾಲಿಗೆ ಸವೆದುಹೋಗ್ತಿತ್ತಾ?"

"ನಿಮಗೆ ಗೊತ್ತಿದೆ ಅಂತ..." ಎಂದು ನಾದಿನಿ ಶುರುಮಾಡಿದಳು.

"ಬಾಯಿ ಮುಚ್ಚು. ಗೊತ್ತಿದೆ ಗೊತ್ತಿದೆ ಅಂತಲೇ ಕೊಂದುಬಿಟ್ರಿ ಎಲ್ಲಾ ಸೇರಿ."

ಆ ಮಾತು ಆಡಬಾರದಿತ್ತು. ಆಡಿದ ಮೇಲೆ ವಾಪಸು ತೆಗೆದುಕೊಳ್ಳುವ ಶಕ್ತಿಯೂ ಅವಳಲ್ಲಿರಲಿಲ್ಲ.

*

ಅವನು ಒಂದು ಸಲ ಹೇಳಿದ್ದ. ಅದನ್ನು ಮರೆಯಲು ಅವಳು ಎಷ್ಟು ಪ್ರಯತ್ನಪಟ್ಟರೂ ಆ ನೀರಿನ ಡ್ರಮ್ಮಿನ ಮುಂದೆ ಅದೇ ಎದ್ದು ಬಂತು.

ಮಗಳು ಇನ್ನೂ ಶಾಲೆಯಲ್ಲಿದ್ದಾಗಿನ ಮಾತು. ಎದೆಯಲ್ಲಿ ಏನೋ ಹಿಡಿದಂತಾಗುತ್ತೆ ಎಂದ. ವೈದ್ಯರು ನೋಡಿ ಗ್ಯಾಸು ಎಂದು ಕಳಿಸಿದರು. ಅವನು ನಂಬಿದ; ಅವಳು ನಂಬಲಿಲ್ಲ. ಅವನು ಮಲಗಿದರೆ ಮೂಗಿನ ಹತ್ತಿರ ಕೈ ಹಿಡಿದು ಕೂರುವಳು. ಕಣ್ಣು ಮುಚ್ಚಿದರೆ ಎಲ್ಲಿ ಹೋಗಿಬಿಡುತ್ತಾನೋ ಎಂದು ಎಚ್ಚರವಾಗಿಯೇ ಬೆಳಗು ಮಾಡಿ, ಹಾಗೇ ಎದ್ದು ಡ್ಯೂಟಿಗೆ ಹೋಗುವಳು. ಒಂದು ಬೆಳಗ್ಗೆ ಮಾರ್ಕೆಟ್ ತಿರುವಿನಲ್ಲಿ ಬಸ್ಸಿನ ಮಗ್ಗುಲು ಕಂಬಕ್ಕೆ ಉಜ್ಜಿಕೊಂಡು ಹೋಯಿತು. ಕಿಟಕಿ ಪಕ್ಕ ಕೂತಿದ್ದ ಶಾಲೆಯ ಮಕ್ಕಳು ಕಿರುಚಿದವು. ಯಾರಿಗೂ ಏನೂ ಆಗಲಿಲ್ಲ. ಆದರೆ ಡಿಪೋದಲ್ಲಿ ಅವಳನ್ನು ಸ್ಟಿಯರಿಂಗಿನಿಂದ ಇಳಿಸಿ, ಬಹಳ ದಿನ ಬಸ್ ತೊಳೆಸುವ ಕಡೆ ಹಾಕಿದರು.

ಅವಳಿಗೆ ಬಸ್ಸೆಂದರೆ ಪ್ರಾಣ. ಪ್ರತಿ ಸ್ಟಾಪಿನಲ್ಲಿ ಬಾಗಿಲು ತೆರೆದು, ಮೆಟ್ಟಿಲ ಮೇಲೆ ಜೋತುಬಿದ್ದವರ ಕಡೆ ಕತ್ತು ಹೊರಳಿಸಿ "ಒಳಗೆ ನಡೀರಿ, ಒಳಗೆ ಜಾಗ ಇದೆ" ಎಂದು ಕೂಗುವಳು. ಜಾಗ ಇರಲಿ, ಇಲ್ಲದಿರಲಿ, ಹಾಗೇ ಕೂಗುವಳು. ನಿದ್ದೆಯಲ್ಲೂ ಕೂಗುತ್ತಾಳೆ ಎಂದು ಅವನು ಮಗಳ ಮುಂದೆ ನಕಲು ಮಾಡಿ ತೋರಿಸುತ್ತಿದ್ದ. ಬಸ್ ತೊಳೆಸುವ ಆ ದಿನಗಳಲ್ಲಿ ಅವಳು ಮನೆಗೆ ಬಂದು, ಬಟ್ಟೆ ಕೂಡ ಬದಲಾಯಿಸದೆ, ಬಾಗಿಲ ಹಿಂದೆ ಕೂತು ಅಳುವಳು. ಒಂದು ದಿನ ಅವನು ಬಂದು ಪಕ್ಕದಲ್ಲಿ ಕೂತ.

"ಇನ್ನು ನನಗೆ ಏನೇ ಆದ್ರೂ ನಿನಗೆ ಹೇಳಲ್ಲ ನೋಡು," ಎಂದ, ನಗುತ್ತ.

"ಹೇಳಬೇಡಿ ಮಾರಾಯ್ರೆ," ಎಂದಿದ್ದಳು ಅವಳೂ ಮೂಗು ಒರೆಸಿಕೊಳ್ಳುತ್ತ. "ಏನೂ ಹೇಳಬೇಡಿ. ನನ್ನ ಬಸ್ಸು ನನಗಿರ್ಲಿ."

ಅದನ್ನು ಅವನು ತಮಾಷೆ ಎಂದುಕೊಳ್ಳಲಿಲ್ಲ. ಅವಳು ಹೇಳಿದ ಯಾವ ಮಾತನ್ನೂ ಅವನು ತಮಾಷೆ ಎಂದುಕೊಂಡವನಲ್ಲ.

*

"ಒಳಗೆ ಯಾರ್ಯಾರು ಬರ್ತೀರಿ?"

ಚಿತಾಗಾರದ ನೌಕರ ಹಾಲಿನ ತುದಿಯಲ್ಲಿ ನಿಂತು ಕೇಳಿದ. ವಯಸ್ಸಾದವನು, ದಿನಕ್ಕೆ ಎಷ್ಟೋ ಸಲ ಕೇಳುವ ಪ್ರಶ್ನೆಯನ್ನು ಇದೇ ಮೊದಲ ಸಲವೆಂಬಂತೆ ಮೆತ್ತಗೆ ಕೇಳುವವನು. "ಕೊನೇ ಕೋಣೆಗೆ ಹತ್ತಿರದವರು ಮಾತ್ರ ಬರಬಹುದು. ಯಾರು ಅಂತ ಮನೆಯವರೇ ಹೇಳಬೇಕು. ಬಾಗಿಲು ಹಾಕಿದ ಮೇಲೆ ಹೊರಗಿನಿಂದ ತೆಗೆಯೋಕೆ ಬರಲ್ಲ, ಈಗ್ಲೇ ಹೇಳಿಬಿಡಿ. ಆಮೇಲೆ, ಮೇಡಂ," ಎಂದು ದನಿ ತಗ್ಗಿಸಿ ಗಂಡನ ಶೂಗಳಿದ್ದ ಚೀಲ ಮುಂದೆ ಹಿಡಿದ, "ಅವರ ಕಾಲಿಗೆ ಶೂ ಹಾಕೋ ಹಾಗಿಲ್ಲ. ರಬ್ಬರು. ತಪ್ಪು ತಿಳೀಬೇಡಿ."

ಡ್ರೈವರಮ್ಮ ಚೀಲ ತೆಗೆದುಕೊಂಡಳು. ಬೆಳಗ್ಗೆಯಿಂದ ಹುಡುಕಿದ್ದು, ಉಜ್ಜಿ ಹೊಳಪು ಮಾಡಿದ್ದು, ಅದೂ ಬೇಡವಾಯಿತು. ಬರಿಗಾಲಲ್ಲಿ ಹೋಗುತ್ತಾನೆ.

"ನಾನೊಬ್ಬಳೇ," ಎಂದಳು.

"ಅಮ್ಮಾ," ಎಂದಳು ಮಗಳು. "ನಾನು?"

"ನಾನೊಬ್ಬಳೇ."

"ಅಮ್ಮಾ, ನಮ್ಮಪ್ಪ ಅವರು. ಕಾಲಿಗೆ ಬೀಳ್ತೀನಿ."

"ನಿನಗೆಲ್ಲಾ ಗೊತ್ತಿತ್ತಲ್ಲ. ನಿನಗೆ ಹೇಳಿದ್ರಲ್ಲ. ನನಗೆ ಇಷ್ಟಾದ್ರೂ ಇರ್ಲಿ."

ಹಿಂದಿನ ಸಾಲಿನ ಡಿಪೋದವರು ಎದ್ದು ನಿಂತರು, ಏನು ಮಾಡಬೇಕೆಂದು ತಿಳಿಯದೆ ಮತ್ತೆ ಕೂತರು. ನಾದಿನಿ ಹುಡುಗಿಯನ್ನು ಹಿಡಿದುಕೊಂಡಳು. ನೌಕರ ಯಾರ ಮುಖವನ್ನೂ ನೋಡದೆ ಸೊಂಟದ ಬೀಗದ ಕೈಗೊಂಚಲನ್ನು ಸರಿಮಾಡಿಕೊಂಡ. ಅವನು ಇಂಥದ್ದನ್ನು ಎಷ್ಟು ನೋಡಿದ್ದನೋ.

ಕೊನೆಯ ಬಾಗಿಲಿನ ಹತ್ತಿರ ಟೆಸ್ಟರ್ ಅಡ್ಡ ಬಂದಳು.

"ಅಕ್ಕ, ನನ್ನನ್ನ ಒಳಗೆ ಬಿಡಬೇಡಿ, ಆ ಹಕ್ಕು ನನಗಿಲ್ಲ. ಒಂದು ಮಾತು ಹೇಳಿ ಹೋಗ್ತೀನಿ. ಅವರು ಕೊನೇಲಿ ಏನಂದ್ರು ಅಂತ ಯಾರೂ ನಿಮಗೆ ಹೇಳಿಲ್ಲ. ಅದೊಂದಾದ್ರೂ ನಿಮಗೆ ಗೊತ್ತಿರಬೇಕು."

*

ಎರಡು ದಿನದ ಹಿಂದಿನ ಆ ಮಧ್ಯಾಹ್ನ ಆಫೀಸಿನಲ್ಲಿ ಅವನದೂ ಟೆಸ್ಟರ್‌ನದೂ ಎಂದಿನ ಆಟ. ಅವನು ಒಂದು ಗುಂಪಿನ ಪರ್ಮಿಷನ್ ಬದಲಾಯಿಸಿ, ತನ್ನ ಮೇಜಿನಿಂದ "ಕಾಣ್ತಾ?" ಎಂದು ಕೂಗುವನು. ಅವಳು ತನ್ನ ಪರದೆಯನ್ನು ನೋಡಿ "ಇಲ್ಲ" ಎನ್ನುವಳು. "ಈಗ?" "ಇಲ್ಲ ಬೀಗರೇ." "ಈಗ?" ಇದಕ್ಕೆಂದೇ ಅವನು ಒಂದು ಸುಳ್ಳು ಬಗ್ಗು ಇಟ್ಟುಕೊಂಡಿದ್ದ. ಅದರಲ್ಲಿ ಯಾವ ತಪ್ಪೂ ಇಲ್ಲ, ಬರೀ ಗುಂಪುಗಳನ್ನು ಹಾಕಿ ತೆಗೆದು ಪರೀಕ್ಷೆ ಮಾಡಲು. ಮಧ್ಯಾಹ್ನವೆಲ್ಲ ಆ ಕೂಗು ಕೇಳಿ ಕೇಳಿ ಅಕ್ಕಪಕ್ಕದವರು ಕಿವಿಗೆ ಹಾಡು ಸಿಕ್ಕಿಸಿಕೊಂಡಿದ್ದರು.

ಮುಗಿಯುತ್ತ ಬಂದಿತ್ತು. ಉಳಿದದ್ದು ಆ ರಿಪೇರಿಯವರ ಗುಂಪು ಒಂದೇ. ಎರಡು ಬೀಗ ಬಿಡಿಸಿ ಒಂದು ಮಾಡಿ ಅವನು ಕೂಗಿದ.

"ಈಗ ಕಾಣ್ತಾ?"

"ಕಾಣ್ತು!" ಎಂದು ಟೆಸ್ಟರ್ ಕುರ್ಚಿಯಲ್ಲೇ ಒಂದು ಸುತ್ತು ತಿರುಗಿದಳು. "ಕಾಣ್ತು ಬೀಗರೇ! ಮುಗೀತು. ಇನ್ನಾದ್ರೂ ರಜಾ ಹಾಕಿ."

ಉತ್ತರ ಬರಲಿಲ್ಲ. ಖುಷಿಗೆ ಮಾತು ಹೊರಡುತ್ತಿಲ್ಲ ಎಂದುಕೊಂಡು ಅವಳು ಇನ್ನೂ ಒಂದೆರಡು ಸಲ ಕೂಗಿದಳು. ಆಮೇಲೆ ಎದ್ದು ನೋಡಿದಳು. ಅವನು ಕೀಲಿಮಣೆಯ ಮೇಲೆ ಕೆನ್ನೆಯಿಟ್ಟು ಮಲಗಿದ್ದ, ಕಣ್ಣು ಅವಳ ಕಡೆಗೇ ಇತ್ತು.

*

"ಕಾಣ್ತು ಅಂದದ್ದು ಅವರಿಗೆ ಕೇಳಿಸ್ತೋ ಇಲ್ವೋ ಗೊತ್ತಿಲ್ಲ ಅಕ್ಕ," ಎಂದಳು ಟೆಸ್ಟರ್. "ಎರಡು ದಿನದಿಂದ ಅದೊಂದೇ ಯೋಚನೆ."

ನೌಕರ ಬಾಗಿಲು ತೆಗೆದ. ಡ್ರೈವರಮ್ಮ ಚೀಲ ಹಿಡಿದು ಒಳಗೆ ಹೋದಳು. ಭಾರವಾದ ಬಾಗಿಲು ಸ್ಪ್ರಿಂಗಿನ ಬಲದಿಂದ ತಾನಾಗಿಯೇ ಮುಚ್ಚಿಕೊಂಡು ಟಕ್ ಎಂದಿತು.

ಸಣ್ಣ ಕೋಣೆ. ಉರುಳೆಗಳ ಮೇಲೆ ಅವನು ಮಲಗಿದ್ದ, ಎದುರಿಗೆ ಒಲೆಯ ಮುಚ್ಚಿದ ಕಬ್ಬಿಣದ ಬಾಯಿ. ಕಾಲ ಬೆರಳುಗಳು ಚಳಿಗೆ ಸೇರಿಕೊಂಡಂತೆ ಒಂದಕ್ಕೊಂದು ಒತ್ತಿಕೊಂಡಿದ್ದವು. ಅವಳು ಅವನ ಮೂಗಿನ ಹತ್ತಿರ ಕೈ ಹಿಡಿದಳು. ಹಿಡಿದ ಮೇಲೆ ಏನು ಮಾಡುತ್ತಿದ್ದೇನೆಂದು ಗೊತ್ತಾಗಿ ಕೈ ಎಳೆದುಕೊಂಡಳು.

"ಯಾಕ್ರೀ?" ಎಂದಳು. "ಬಸ್ಸು ಹೋದ್ರೆ ಹೋಗ್ತಿತ್ತು. ಸಾಯೋವರೆಗೂ ಬಸ್ಸು ತೊಳೀತಿದ್ದೆನಲ್ಲ."

ನೌಕರ ಗೋಡೆಯ ಗುಂಡಿಯ ಹತ್ತಿರ ನಿಂತು ಕಾಯುತ್ತಿದ್ದ. "ಶುರು ಮಾಡ್ಲಾ ಅಮ್ಮ? ಒಂದ್ಸಲ ಒತ್ತಿದ ಮೇಲೆ ನಿಲ್ಲಿಸೋಕಾಗಲ್ಲ."

"ಒತ್ತಿ."

ಒಳಗೆಲ್ಲೋ ಮೋಟಾರು ಗುರುಗುಟ್ಟಿತು. ಕಬ್ಬಿಣದ ಬಾಯಿ ಮೇಲಕ್ಕೆ ಸರಿಯತೊಡಗಿತು; ಬಿಸಿ ಮುಖಕ್ಕೆ ಬಡಿಯಿತು. ಆ ಬೆಳಕಿಗೆ ಕಣ್ಣು ಕಿರಿದಾಗಿ ಅವಳು ಮುಖ ತಿರುಗಿಸಿದಳು. ಆಗ ಗಾಜು ಕಂಡಿತು.

ಬಾಗಿಲ ಪಕ್ಕದ ಗೋಡೆಯಲ್ಲಿ ಉದ್ದನೆಯ ಗಾಜು. ಅದರಾಚೆ ಮಗಳು ನಿಂತಿದ್ದಳು, ಹಣೆಯನ್ನು ಗಾಜಿಗೆ ಒತ್ತಿ, ಎರಡೂ ಅಂಗೈಗಳನ್ನು ಕಣ್ಣಿನ ಪಕ್ಕ ಮರೆ ಹಿಡಿದು, ಒಳಗೆ ಏನಾದರೂ ಕಂಡೀತೇ ಎಂದು ಅಲ್ಲಿ ಇಲ್ಲಿ ಹುಡುಕುತ್ತಿದ್ದಳು. ಅವಳ ಕಣ್ಣು ತಾಯಿಯ ಮುಖದ ಮೇಲೆಯೇ ಹಾದುಹೋಯಿತು, ನಿಲ್ಲಲಿಲ್ಲ.

"ಅವಳಿಗೆ ಕಾಣಲ್ವಾ?" ಎಂದಳು ಡ್ರೈವರಮ್ಮ.

"ಹೊರಗಿನವರಿಗೆ ಕಾಣಲ್ಲಮ್ಮ. ಒಳಗಿರೋರಿಗೆ ಮಾತ್ರ ಹೊರಗಿಂದು ಕಾಣುತ್ತೆ. ನೋಡಿ ಹೆದರ್ತಾರೆ ಅಂತ ಹಾಗೆ ಮಾಡಿದಾರೆ."

ಹೆದರುತ್ತಾರೆ ಎಂದು. ತಲೆ ಕೆಡಿಸಿಕೊಳ್ಳುತ್ತಾರೆ ಎಂದು. ಉರುಳೆಗಳು ತಿರುಗಲು ಶುರುವಾಗಿದ್ದವು. ಈಗ ಅವನನ್ನು ನೋಡಿದರೆ ನೋಡಿದ್ದು. ಇನ್ನೊಂದು ಸಲ ಇಲ್ಲ. ಅದಕ್ಕಾಗಿಯೇ ಎಲ್ಲರನ್ನೂ ಹೊರಗಿಟ್ಟು ಬಂದಿದ್ದಳು.

ಅವನಿಗೆ ಬೆನ್ನು ಹಾಕಿ ಅವಳು ಬಾಗಿಲಿಗೆ ಓಡಿದಳು.

ಹಿಡಿ ಬಿಗಿಯಾಗಿತ್ತು. ಎಡಕ್ಕೆ ತಿರುಗಿಸಿದಳು, ಬಲಕ್ಕೆ ತಿರುಗಿಸಿದಳು. ಬಸ್ಸಿನ ಗೇರು ಹಾಕಿ ಗಟ್ಟಿಯಾದ ಕೈ ಅದು. ಆದರೂ ಬೆವರಿಗೆ ಜಾರುತ್ತಿತ್ತು. ಬೆನ್ನ ಹಿಂದೆ ಉರುಳೆಗಳ ಸದ್ದು ದೂರ ದೂರವಾಗುತ್ತಿತ್ತು. "ಮೇಲಕ್ಕೆ ಎತ್ತಿ ಎಳೀರಿ ಅಮ್ಮ, ಮೇಲಕ್ಕೆ!" ಎಂದು ನೌಕರ ಕೂಗಿದ. ಬಾಗಿಲು ಬಿಟ್ಟುಕೊಂಡಿತು.

ಮಗಳು ಎದುರಿಗೇ ಇದ್ದಳು, ಅವಳ ಹಿಂದೆ ನಾದಿನಿ, ಅವಳ ಹಿಂದೆ ಟೆಸ್ಟರ್, ಡಿಪೋದವರು, ಆಫೀಸಿನವರು. ಯಾರೂ ಕಾಲು ಎತ್ತಿಡಲಿಲ್ಲ. ಬಾಗಿಲು ಆಗಲೇ ಮುಚ್ಚಿಕೊಳ್ಳಲು ಬರುತ್ತಿತ್ತು. ಡ್ರೈವರಮ್ಮ ಚೀಲಕ್ಕೆ ಕೈ ಹಾಕಿ, ಸಿಕ್ಕಿದ ಒಂದು ಶೂವನ್ನು ಬಾಗಿಲಿನ ಸಂದಿಗೆ ಅಡ್ಡ ಇಟ್ಟು ಪಕ್ಕಕ್ಕೆ ಸರಿದು ನಿಂತಳು.

"ಒಳಗೆ ನಡೀರಿ," ಎಂದಳು. ದನಿ ಅವಳದೆಂದು ಯಾರಿಗೂ ಗುರುತು ಸಿಗುವಂತಿರಲಿಲ್ಲ. "ಒಳಗೆ ನಡೀರಿ, ಒಳಗೆ ಜಾಗ ಇದೆ."

ಮಗಳು ಅವಳ ಭುಜಕ್ಕೆ ತಾಗಿಕೊಂಡು ಒಳಗೆ ನುಗ್ಗಿದಳು. ಕಬ್ಬಿಣದ ಬಾಯಿ ಅರ್ಧಕ್ಕೆ ಇಳಿದಿತ್ತು. ಅದರಡಿಯಲ್ಲಿ ಎರಡು ಅಂಗಾಲು ಮಾತ್ರ ಕಾಣುತ್ತಿದ್ದವು.

"ಕಾಣ್ತಾ?" ಎಂದಳು ತಾಯಿ, ತಿರುಗದೆ.

ಹಿಂದಿನಿಂದ ಬಾಗಿಲು ಭಾರವಾಗಿ ಬಂದು ಶೂಗೆ ತಾಗಿತು. ಶೂ ಸ್ವಲ್ಪ ಮಡಿಸಿಕೊಂಡಿತು, ಆದರೆ ಬಾಗಿಲು ಮುಚ್ಚಲಿಲ್ಲ.